ಕ್ಯಾಂಪಸ್‌ನಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ರೈಸ್ತ ಫೆಲೋಶಿಪ್: ಶುರುಮಾಡುವುದರಿಂದ ಮುಂದಿನವರ ಕೈಗೆ ಕೊಡುವವರೆಗೆ

ಫೆಲೋಶಿಪ್ ಅಂದರೆ ಇಲ್ಲಿ ಒಟ್ಟಿಗೆ ಪ್ರಾರ್ಥಿಸಿ, ಬೈಬಲ್ ಓದುವ ಕ್ರೈಸ್ತರ ಗುಂಪು. ವಿದ್ಯಾರ್ಥಿಗಳೇ ನಡೆಸುವ ಫೆಲೋಶಿಪ್‌ಗೆ ಹುಟ್ಟಿನಿಂದಲೇ ಬರುವ ತೊಂದರೆ ಒಂದಿದೆ. ಅದನ್ನು ನಡೆಸುವವರೆಲ್ಲ ಮೂರು-ನಾಲ್ಕು ವರ್ಷದಲ್ಲಿ ಓದು ಮುಗಿಸಿ ಹೊರಟುಬಿಡುತ್ತಾರೆ. ಚೆನ್ನಾಗಿ ಹಾಡಿಸುವವರು, ಪ್ರಾರ್ಥನೆಗೆ ತಪ್ಪದೆ ಬರುವವರು, ರೂಮ್ ಬುಕ್ ಮಾಡುವುದು ಹೇಗೆಂದು ಗೊತ್ತಿರುವ ಆ ಒಬ್ಬರು, ಎಲ್ಲರೂ.

1729ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಚಾರ್ಲ್ಸ್ ವೆಸ್ಲಿ ಒಂದಿಬ್ಬರು ಗೆಳೆಯರ ಜೊತೆ ಸಣ್ಣದೊಂದು ಗುಂಪು ಶುರುಮಾಡಿದರು. ಅಣ್ಣ ಜಾನ್ ವೆಸ್ಲಿ ಅದರ ಮುಂದಾಳಾದರು. ಸತ್ಯವೇದ (ಬೈಬಲ್) ಓದುವುದು, ಉಪವಾಸ, ಜೈಲಿನ ಕೈದಿಗಳನ್ನು ನೋಡಿ ಬರುವುದು ಎಲ್ಲ ಕಟ್ಟುನಿಟ್ಟಾಗಿ ನಡೆಯುತ್ತಿತ್ತು. ಉಳಿದ ವಿದ್ಯಾರ್ಥಿಗಳು 'ಹೋಲಿ ಕ್ಲಬ್' ಅಂತ ಗೇಲಿ ಮಾಡಿದರೂ ಅವರು ಬಿಡಲಿಲ್ಲ. 1735ರಲ್ಲಿ ಅಣ್ಣ-ತಮ್ಮ ಇಬ್ಬರೂ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ಆಮೇಲೆ ಆಕ್ಸ್‌ಫರ್ಡಿನ ಗುಂಪು ಕರಗಿಹೋಯಿತು. ಆದರೆ ಇಂಗ್ಲೆಂಡಿನದೇ ಕೇಂಬ್ರಿಜ್‌ನಲ್ಲಿ 1877ರಲ್ಲಿ ಕಟ್ಟಿದ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟವನ್ನು ಇವತ್ತಿಗೂ ವಿದ್ಯಾರ್ಥಿಗಳೇ ನಡೆಸುತ್ತಿದ್ದಾರೆ. ಅಲ್ಲಿ ಸಮಿತಿ ಬದಲಾಗುತ್ತಲೇ ಇರುತ್ತದೆ, ಕೆಲಸ ಮುಂದುವರಿಯುತ್ತದೆ.

ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಜೊತೆಗಿರಲಿ: ನಾವು ಹೋದ ಮೇಲೆ ಇದನ್ನು ಯಾರು ಮಾಡುತ್ತಾರೆ?

ಹಂತ 1: ಈಗಾಗಲೇ ಒಂದು ಇದೆಯಾ ನೋಡಿ

ಹೊಸದು ಶುರುಮಾಡುವ ಮೊದಲು ಹುಡುಕಿ. ವಿದ್ಯಾರ್ಥಿ ಸಂಘಗಳ ಕಚೇರಿಯಲ್ಲಿ ನೋಂದಾಯಿತ ಗುಂಪುಗಳ ಪಟ್ಟಿ ಸಿಗುತ್ತದೆ. ಚಾಪ್ಲೇನ್ (ಕ್ಯಾಂಪಸ್‌ನ ಪಾದ್ರಿ) ಇದ್ದರೆ ಅವರನ್ನು ಕೇಳಿ. ಹತ್ತಿರದ ಚರ್ಚುಗಳಲ್ಲಿ ವಿಚಾರಿಸಿ. ನಿಮ್ಮ ದೇಶದ ವಿದ್ಯಾರ್ಥಿ ಸೇವಾ ಸಂಸ್ಥೆಗೆ ಬರೆಯಿರಿ. ಬ್ರಿಟನ್ನಿನಲ್ಲಿ 1928ರಿಂದ, ಅಮೆರಿಕದಲ್ಲಿ 1941ರಿಂದ, ಭಾರತದಲ್ಲಿ 1954ರಿಂದ ಇಂಥ ಸಂಸ್ಥೆಗಳಿವೆ. ಇವನ್ನೆಲ್ಲ ಜೋಡಿಸುವ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಇಎಸ್ 1947ರಲ್ಲಿ ಹಾರ್ವರ್ಡ್‌ನಲ್ಲಿ ನಡೆದ ಸಭೆಯಲ್ಲಿ ಹುಟ್ಟಿತು. ಪಕ್ಕದ ಕಾಲೇಜಿನಲ್ಲಿ ಯಾರಿದ್ದಾರೆ ಎಂಬುದು ಇವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ.

ಗುಂಪು ಇದ್ದರೆ ಒಂದು ಸೆಮಿಸ್ಟರ್ ಪೂರ್ತಿ ಹೋಗಿ ನೋಡಿ. 'ಅಲ್ಲಿನ ಹಾಡು ನನಗೆ ಇಷ್ಟವಾಗಲಿಲ್ಲ' ಎಂಬುದು ಎರಡನೇ ಗುಂಪು ಕಟ್ಟಲು ಕಾರಣವಲ್ಲ. ಭಾಷೆ ಬೇರೆ, ದೂರದ ಇನ್ನೊಂದು ಕ್ಯಾಂಪಸ್, ಸಂಜೆ ಕ್ಲಿನಿಕ್ ಇರುವ ವೈದ್ಯಕೀಯ ವಿದ್ಯಾರ್ಥಿಗಳು, ಇವು ಕಾರಣಗಳು. ಆಗಲೂ ಇರುವ ಗುಂಪಿನವರ ಜೊತೆ ಮಾತಾಡಿಯೇ ಶುರುಮಾಡಿ. ಎಷ್ಟೋ ಸಲ ಅವರೇ ಇಬ್ಬರನ್ನು ಕಳಿಸಿಕೊಡುತ್ತಾರೆ.

ಹಂತ 2: ಇಬ್ಬರು ಮೂವರು ಸೇರಿ ಪ್ರಾರ್ಥಿಸಿ

ಪೋಸ್ಟರ್, ಲೋಗೊ, ಇನ್‌ಸ್ಟಾಗ್ರಾಂ ಖಾತೆ ಎಲ್ಲ ಆಮೇಲೆ. ಮೊದಲು ವಾರಕ್ಕೊಮ್ಮೆ, ಅರ್ಧ ಗಂಟೆ, ಒಂದೇ ಜಾಗದಲ್ಲಿ ಕೂತು ಪ್ರಾರ್ಥಿಸುವ ಇಬ್ಬರು ಮೂವರು ಬೇಕು. 1806ರಲ್ಲಿ ಅಮೆರಿಕದ ವಿಲಿಯಮ್ಸ್ ಕಾಲೇಜಿನ ಐದು ವಿದ್ಯಾರ್ಥಿಗಳು ಬಯಲಲ್ಲಿ ಪ್ರಾರ್ಥಿಸಲು ಹೋದಾಗ ಗುಡುಗು-ಮಳೆ ಬಂತು. ಅವರು ಹುಲ್ಲಿನ ಬಣವೆಯ ಮರೆಯಲ್ಲಿ ಕೂತು ಪ್ರಾರ್ಥನೆ ಮುಂದುವರಿಸಿದರು. ಅಮೆರಿಕದಿಂದ ಹೊರದೇಶಗಳಿಗೆ ಮಿಷನರಿಗಳನ್ನು ಕಳಿಸಿದ ಮೊದಲ ದೊಡ್ಡ ಸಂಸ್ಥೆ 1810ರಲ್ಲಿ ಹುಟ್ಟಿದ್ದರ ಬೇರು ಅಲ್ಲಿದೆ. ಐದೇ ಜನ ಅಂತ ಅವರು ಕಾಯುತ್ತಾ ಕೂರಲಿಲ್ಲ.

ಈ ಮೊದಲ ಗುಂಪಿನಲ್ಲಿ ಒಬ್ಬರಾದರೂ ಮೊದಲ ವರ್ಷದವರು ಇರಲಿ. ಮೂವರೂ ಕೊನೆ ವರ್ಷದವರಾದರೆ ಫೆಲೋಶಿಪ್‌ನ ಆಯುಷ್ಯ ಎಷ್ಟೆಂದು ನೀವೇ ಲೆಕ್ಕ ಹಾಕಿ. ಆದಷ್ಟು ಬೇರೆ ಬೇರೆ ಚರ್ಚಿನವರಾಗಿದ್ದರೆ ಇನ್ನೂ ಒಳ್ಳೆಯದು. ಒಂದೇ ಚರ್ಚಿನ ಮೂವರು ಸೇರಿದರೆ ತಮಗೆ ಗೊತ್ತಿಲ್ಲದೆಯೇ ಆ ಚರ್ಚಿನ ಯುವಕರ ಕೂಟವನ್ನು ಕ್ಯಾಂಪಸ್‌ಗೆ ತಂದುಬಿಡುತ್ತಾರೆ.

ಹಂತ 3: ಒಂದು ಪುಟ ಬರೆಯಿರಿ

ಯಾಕೆ ಸೇರುತ್ತೇವೆ, ಏನು ನಂಬುತ್ತೇವೆ, ಏನು ಮಾಡುವುದಿಲ್ಲ. ಮೂರೂ ಒಂದು ಪುಟದೊಳಗೆ.

'ಯಾಕೆ' ಸುಲಭ. ಮೊದಲ ಕ್ರೈಸ್ತರ ಕಥೆ ಹೇಳುವ ಬೈಬಲ್ ಪುಸ್ತಕ ಅಪೊಸ್ತಲರ ಕೃತ್ಯಗಳು 2:42ರಲ್ಲಿ ನಾಲ್ಕು ಸಂಗತಿ ಇವೆ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಇದಕ್ಕೆ ಜೊತೆಯ ವಿದ್ಯಾರ್ಥಿಗಳಿಗೆ ಯೇಸುವಿನ ಬಗ್ಗೆ ತಿಳಿಸುವುದನ್ನು ಸೇರಿಸಿದರೆ ಬಹುತೇಕ ಫೆಲೋಶಿಪ್‌ಗಳ ಉದ್ದೇಶ ಮುಗಿಯಿತು.

'ಏನು ನಂಬುತ್ತೇವೆ' ಎಂಬಲ್ಲಿ ಕಷ್ಟ ಶುರು. ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್, ಪೆಂತೆಕೊಸ್ತ್ ಎಲ್ಲರೂ ಬರುತ್ತಾರಾ? ಅಪೊಸ್ತಲರ ವಿಶ್ವಾಸಪ್ರಮಾಣ (ನಂಬಿಕೆಯನ್ನು ಚಿಕ್ಕದಾಗಿ ಹೇಳುವ ಹಳೆಯ ಹೇಳಿಕೆ) ಸಾಕಾ, ಅಥವಾ ಸತ್ಯವೇದದ ಅಧಿಕಾರ, ಕ್ರಿಸ್ತನ ಶಿಲುಬೆಯ ಅರ್ಥ ಇವುಗಳ ಬಗ್ಗೆ ಬಿಡಿಸಿ ಬರೆಯಬೇಕಾ? ಇದನ್ನು ಸುಮ್ನೆ ಮುಂದೂಡಬೇಡಿ. ಇದೇ ವಿಷಯಕ್ಕೆ ಕೇಂಬ್ರಿಜ್ ಒಕ್ಕೂಟ 1910ರಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂಬ ವಿದ್ಯಾರ್ಥಿ ಸಂಘಟನೆಯಿಂದ ಬೇರೆಯಾಯಿತು. ಮೂವ್‌ಮೆಂಟ್‌ನವರಿಗೆ ಬಾಗಿಲು ಅಗಲವಾಗಿರಬೇಕಿತ್ತು, ಕೇಂಬ್ರಿಜ್‌ನವರಿಗೆ ಸತ್ಯವೇದ ಮತ್ತು ಶಿಲುಬೆಯ ವಿಷಯದಲ್ಲಿ ಸಡಿಲ ಬೇಡವಾಗಿತ್ತು. ನಿಮ್ಮ ಆಯ್ಕೆ ಯಾವುದೇ ಆಗಲಿ, ಬರೆದಿಡಿ. ಮೂರು ವರ್ಷದ ನಂತರ ನಿಮ್ಮ ಮುಖವನ್ನೇ ನೋಡಿರದ ಒಬ್ಬರು ಅದನ್ನು ಓದಿ ನಡೆಯಬೇಕು.

ಶಿಶು ದೀಕ್ಷಾಸ್ನಾನ, ಅನ್ಯಭಾಷೆ (ಪ್ರಾರ್ಥನೆಯಲ್ಲಿ ತಾವು ಕಲಿಯದ ಭಾಷೆಯಲ್ಲಿ ಮಾತಾಡುವುದು), ಮಹಿಳೆಯರು ಬೋಧಿಸಬಹುದೇ ಎಂಬಂಥ ವಿಷಯಗಳಲ್ಲಿ ಚರ್ಚುಗಳು ಒಪ್ಪುವುದಿಲ್ಲ. ಫೆಲೋಶಿಪ್ ಅವನ್ನು ತೀರ್ಮಾನಿಸಬೇಕಾಗಿಲ್ಲ. ಆದರೆ 'ನಮ್ಮ ಕೂಟದಲ್ಲಿ ಹೀಗೆ ನಡೆದುಕೊಳ್ಳುತ್ತೇವೆ' ಎಂಬ ಒಂದು ಸಾಲು ಬೇಕೇ ಬೇಕು. ಇಲ್ಲದಿದ್ದರೆ ಪ್ರತಿ ವರ್ಷ ಅದೇ ಜಗಳ.

ಇನ್ನು 'ಏನು ಮಾಡುವುದಿಲ್ಲ'. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಫೆಲೋಶಿಪ್ ಚರ್ಚ್ ಅಲ್ಲ. ದೀಕ್ಷಾಸ್ನಾನ ಕೊಡುವುದಿಲ್ಲ, ಪ್ರಭುವಿನ ಭೋಜನ ನಡೆಸುವುದಿಲ್ಲ, ಭಾನುವಾರ ಬೆಳಿಗ್ಗೆ ಕೂಡುವುದಿಲ್ಲ. ರೊಟ್ಟಿ ಮುರಿಯುವುದು, ಅಂದರೆ ಆ ಪ್ರಭುವಿನ ಭೋಜನ, ಚರ್ಚಿನ ಕೆಲಸ, ನಮ್ಮಲ್ಲಿ ಒಟ್ಟಿಗೆ ಊಟ ಮಾಡಿದರೆ ಸಾಕು. ಇಪ್ಪತ್ತರ ವಯಸ್ಸಿನವರೇ ತುಂಬಿರುವ ಕೂಟದಲ್ಲಿ ಮಕ್ಕಳಿಲ್ಲ, ಮುದುಕರಿಲ್ಲ, ಸಾವು-ನೋವು ಕಂಡ ಹಿರಿಯರಿಲ್ಲ. ಅದೇ ಪೂರ್ತಿ ಕ್ರೈಸ್ತ ಜೀವನ ಅಂದುಕೊಂಡವರು ಡಿಗ್ರಿ ಮುಗಿದ ಮೇಲೆ ಯಾವ ಚರ್ಚಿನಲ್ಲೂ ನೆಲೆ ನಿಲ್ಲುವುದಿಲ್ಲ.

ಹಂತ 4: ವಿಶ್ವವಿದ್ಯಾಲಯದ ನಿಯಮ

ಸಾಮಾನ್ಯವಾಗಿ ಕೇಳುವುದು ಇಷ್ಟು: ಬರೆದ ನಿಯಮಾವಳಿ, ಕನಿಷ್ಠ ಇಷ್ಟು ಸದಸ್ಯರ ಸಹಿ, ಪದಾಧಿಕಾರಿಗಳ ಹೆಸರು, ಒಬ್ಬ ಅಧ್ಯಾಪಕರ ಒಪ್ಪಿಗೆ. ಅಧ್ಯಾಪಕರನ್ನು ಆರಿಸುವಾಗ ಕ್ರೈಸ್ತರು ಎಂಬುದಷ್ಟೇ ನೋಡಬೇಡಿ. ಫೋನ್ ಎತ್ತುತ್ತಾರಾ, ನಡೆಸಲು ವಿದ್ಯಾರ್ಥಿಗಳಿಗೆ ಬಿಡುತ್ತಾರಾ ಎಂಬುದನ್ನೂ ನೋಡಿ. ಎಲ್ಲ ತೀರ್ಮಾನವನ್ನೂ ತಾವೇ ಮಾಡುವ ಅಧ್ಯಾಪಕರಿದ್ದರೆ ಅದು ವಿದ್ಯಾರ್ಥಿಗಳ ಗುಂಪಾಗಿ ಉಳಿಯದು.

ಸದಸ್ಯತ್ವ ಮತ್ತು ನಾಯಕತ್ವದ ಸಾಲುಗಳನ್ನು ಎಚ್ಚರದಿಂದ ಬರೆಯಿರಿ. ಅಮೆರಿಕದ ಎರಡು ತೀರ್ಪುಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. 1981ರ ವಿಡ್ಮರ್ ಪ್ರಕರಣದಲ್ಲಿ, ಉಳಿದ ವಿದ್ಯಾರ್ಥಿ ಗುಂಪುಗಳಿಗೆ ಜಾಗ ಕೊಡುವ ಸರ್ಕಾರಿ ವಿಶ್ವವಿದ್ಯಾಲಯ ಧಾರ್ಮಿಕ ಗುಂಪಿಗೆ ಮಾತ್ರ ಇಲ್ಲ ಅನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2010ರಲ್ಲಿ ಅದೇ ಕೋರ್ಟ್, ಮಾನ್ಯತೆ ಬೇಕಾದ ಗುಂಪು ಎಲ್ಲ ವಿದ್ಯಾರ್ಥಿಗಳಿಗೂ ಸದಸ್ಯತ್ವ ಮತ್ತು ನಾಯಕತ್ವ ತೆರೆದಿಡಬೇಕು ಎಂಬ ಹೇಸ್ಟಿಂಗ್ಸ್ ಕಾನೂನು ಕಾಲೇಜಿನ ನಿಯಮವನ್ನು ಎತ್ತಿಹಿಡಿಯಿತು. ಅಲ್ಲಿ ಸೋತದ್ದು ಒಂದು ಕ್ರೈಸ್ತ ಗುಂಪು. ನಿಮ್ಮ ದೇಶದ ಕಾನೂನು ಬೇರೆ ಇರಬಹುದು. ಆದರೆ ಅರ್ಜಿ ತುಂಬುವ ಮೊದಲು ವಿಶ್ವವಿದ್ಯಾಲಯದ ನಿಯಮವನ್ನು ಪೂರ್ತಿ ಓದಿ. ಕೂಟಕ್ಕೆ ಯಾರು ಬೇಕಾದರೂ ಬರಬಹುದು, ನಡೆಸುವವರು ನಮ್ಮ ನಂಬಿಕೆಯ ಹೇಳಿಕೆಗೆ ಸಹಿ ಹಾಕುತ್ತಾರೆ ಎಂಬುದು ಹಲವು ಕಡೆ ನಡೆಯುವ ದಾರಿ. ನಿಮ್ಮಲ್ಲಿ ಅದಕ್ಕೆ ಅವಕಾಶ ಇದೆಯಾ ಕೇಳಿಕೊಳ್ಳಿ.

ಮಾನ್ಯತೆ ಸಿಗದಿದ್ದರೆ ಹತ್ತಿರದ ಮನೆಯಲ್ಲೋ ಚರ್ಚಿನ ಹಾಲ್‌ನಲ್ಲೋ ಸೇರಿ. ಆಗ ವಿಶ್ವವಿದ್ಯಾಲಯದ ಹೆಸರು, ಲಾಂಛನ ಬಳಸಬೇಡಿ. ಕದ್ದುಮುಚ್ಚಿ ಕ್ಲಾಸ್‌ರೂಮ್ ಬಳಸುವುದೂ ಬೇಡ. ಧರ್ಮಪ್ರಚಾರದ ಮೇಲೆ ಕಾನೂನು ಇರುವ ಕಡೆ ಅದು ಏನು ಹೇಳುತ್ತದೆ ಅಂತ ತಿಳಿದವರಿಂದ ಕೇಳಿ.

ಹಂತ 5: ಯಾರು ನಡೆಸಬೇಕು

ನಾಲ್ಕೈದು ಜನರ ತಂಡ ಸಾಕು. ಸಂಯೋಜಕರು, ಬೈಬಲ್ ಸ್ಟಡಿ ನೋಡಿಕೊಳ್ಳುವವರು, ಪ್ರಾರ್ಥನೆ ನೋಡಿಕೊಳ್ಳುವವರು, ಹೊಸಬರನ್ನು ಮಾತಾಡಿಸುವವರು, ಖಜಾಂಚಿ. ಅವಧಿ ಒಂದು ವರ್ಷ.

ಗಿಟಾರ್ ಚೆನ್ನಾಗಿ ನುಡಿಸುತ್ತಾರೆ ಅಂತ ನಾಯಕರನ್ನು ಮಾಡಬೇಡಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರಿಗೆ ಊಟ ಹಂಚುವ ಕೆಲಸಕ್ಕೂ ಒಳ್ಳೆಯ ಹೆಸರಿರುವ, ಆತ್ಮಭರಿತರಾದ ಏಳು ಜನರನ್ನು ಹುಡುಕಿದರು. ಹೊಸದಾಗಿ ನಂಬಿದವರನ್ನು ಕೂಡಲೇ ಮುಂದೆ ನಿಲ್ಲಿಸಬಾರದು ಅಂತ ಅಪೊಸ್ತಲ ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆಯುತ್ತಾನೆ. ಕ್ಯಾಂಪಸ್‌ನಲ್ಲಿ ಈ ತಪ್ಪು ಜಾಸ್ತಿ ಆಗುತ್ತದೆ, ಯಾಕೆಂದರೆ ಹೊಸಬರ ಉತ್ಸಾಹ ನೋಡಲು ಚೆಂದ. ಇನ್ನೊಂದು ಮಾತು. ಪರೀಕ್ಷೆಗಳಲ್ಲಿ ಒದ್ದಾಡುತ್ತಿರುವವರಿಗೆ ಹೊಣೆ ಹೊರಿಸಬೇಡಿ. ಫೆಲೋಶಿಪ್‌ಗಾಗಿ ಫೇಲ್ ಆದೆ ಅನ್ನುವ ಸಾಕ್ಷಿಯನ್ನು ಯಾವ ತಂದೆತಾಯಿಯೂ ಮೆಚ್ಚುವುದಿಲ್ಲ.

ಹಂತ 6: ವಾರದ ಕೂಟ

ಒಂದೇ ದಿನ, ಒಂದೇ ಸಮಯ, ಒಂದೇ ಜಾಗ. ತೊಂಬತ್ತು ನಿಮಿಷ ಮೀರಬಾರದು. ಹದಿನೈದು ನಿಮಿಷ ಹಾಡು, ಹತ್ತು ನಿಮಿಷ ಯಾರದಾದರೂ ಸಾಕ್ಷಿ (ತಮ್ಮ ಬದುಕಿನಲ್ಲಿ ದೇವರು ಮಾಡಿದ್ದನ್ನು ಹೇಳುವುದು) ಅಥವಾ ವಾರದ ಸುದ್ದಿ, ಅರ್ಧ ಗಂಟೆ ಸತ್ಯವೇದದ ಬೋಧನೆ, ಹದಿನೈದು ನಿಮಿಷ ಮೂರು-ಮೂರು ಜನರಾಗಿ ಪ್ರಾರ್ಥನೆ. ಉಳಿದದ್ದು ತಿಂಡಿ, ಹರಟೆ. ಈ ಹರಟೆಯ ಸಮಯವನ್ನು ಕತ್ತರಿಸಬೇಡಿ. ಹೊಸಬರು ಗೆಳೆಯರಾಗುವುದು ಅಲ್ಲೇ.

ಹೊರಗಿನ ಭಾಷಣಕಾರರು ತಿಂಗಳಿಗೊಬ್ಬರು ಸಾಕು. ಪ್ರತಿ ವಾರ ಪಾಸ್ಟರ್ ಒಬ್ಬರು ಬಂದು ಬೋಧಿಸಿದರೆ ವಿದ್ಯಾರ್ಥಿಗಳು ಬೋಧಿಸಲು ಯಾವಾಗ ಕಲಿಯಬೇಕು? ಪರೀಕ್ಷೆಯ ತಿಂಗಳಲ್ಲಿ ಕೂಟವನ್ನು ಇಪ್ಪತ್ತು ನಿಮಿಷದ ಪ್ರಾರ್ಥನೆಗೆ ಇಳಿಸಿ.

ಹಂತ 7: ಸಣ್ಣ ಗುಂಪಿನ ಬೈಬಲ್ ಸ್ಟಡಿ

ಫೆಲೋಶಿಪ್‌ನ ನಿಜವಾದ ಕೆಲಸ ಇಲ್ಲಿ ನಡೆಯುತ್ತದೆ. ದೊಡ್ಡ ಕೂಟ ನಿಂತುಹೋದರೂ ಸಣ್ಣ ಗುಂಪುಗಳಿದ್ದರೆ ಫೆಲೋಶಿಪ್ ಬದುಕುತ್ತದೆ.

ಆರರಿಂದ ಎಂಟು ಜನ, ನಡೆಸುವವರು ಇಬ್ಬರು. ಒಬ್ಬರು ಅನುಭವಿ, ಇನ್ನೊಬ್ಬರು ಕಲಿಯುವವರು. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಹದಿನಾರೇ ಅಧ್ಯಾಯ, ಕಥೆ ಓಡುತ್ತದೆ, ಚರ್ಚಿಗೆ ಎಂದೂ ಹೋಗದವರಿಗೂ ಅರ್ಥವಾಗುತ್ತದೆ. ಸತ್ಯವೇದದ ಕೊನೆಯ, ಒಗಟಿನಂಥ ಪುಸ್ತಕವಾದ ಪ್ರಕಟನೆಯಿಂದ ಶುರುಮಾಡೋಣ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ನಗುತ್ತಾ ಬೇಡ ಅನ್ನಿ.

ನಡೆಸುವವರು ಪ್ರಸಂಗ ಮಾಡಬಾರದು, ಪ್ರಶ್ನೆ ಕೇಳಬೇಕು. ಮಾರ್ಕ 2:1-12 ತೆಗೆದುಕೊಳ್ಳಿ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಸಂದಣಿಯಿಂದ ಒಳಗೆ ಹೋಗಲಾಗದೆ, ಚಾವಣಿ ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. 'ಇದರಿಂದ ನಾವು ನಂಬಿಕೆಯ ಬಗ್ಗೆ ಏನು ಕಲಿಯುತ್ತೇವೆ?' ಅಂತ ಶುರುವಿನಲ್ಲೇ ಕೇಳಿದರೆ ಎಲ್ಲರೂ ಸಂಡೇ ಸ್ಕೂಲಿನ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ಬದಲಿಗೆ ಕಂಡದ್ದನ್ನು ಕೇಳಿ. ಆ ಮನೆಯಲ್ಲಿ ಯಾರ್ಯಾರಿದ್ದಾರೆ? ಬಾಯಿಬಿಟ್ಟು ಮಾತಾಡುವವರು ಯಾರು, ಮನಸ್ಸಿನಲ್ಲೇ ಅಂದುಕೊಳ್ಳುವವರು ಯಾರು? ಯೇಸು ನೋಡಿದ್ದು ಯಾರ ನಂಬಿಕೆಯನ್ನು? ವಚನದಲ್ಲಿ 'ಅವರ' ಅಂತಿದೆ, ಇದನ್ನು ಯಾರಾದರೂ ಗಮನಿಸಿದಾಗ ಗುಂಪು ಎದ್ದು ಕೂರುತ್ತದೆ.

ಆಮೇಲೆ ಅರ್ಥ. ನಡೆಯಲಾಗದವನಿಗೆ ಯೇಸು ಮೊದಲು ಪಾಪ ಕ್ಷಮಿಸಿದೆ ಅನ್ನುವುದು ಯಾಕೆ? ಅಲ್ಲಿದ್ದ ಶಾಸ್ತ್ರಿಗಳಿಗೆ (ಯೆಹೂದ್ಯ ಧರ್ಮಶಾಸ್ತ್ರ ಬೋಧಿಸುವವರು) ಸಿಟ್ಟು ಬಂದದ್ದು ಯಾಕೆ, ಅವರ ವಾದದಲ್ಲಿ ಸರಿ ಯಾವುದು? ಪಾಪ ಕ್ಷಮಿಸಿದೆ ಅನ್ನುವುದು, ಎದ್ದು ನಡೆ ಅನ್ನುವುದು, ಎರಡರಲ್ಲಿ ಯಾವುದು ಸುಲಭ ಎಂಬ ಯೇಸುವಿನ ಪ್ರಶ್ನೆಗೆ ನಿಮ್ಮ ಉತ್ತರವೇನು? ಈ ಕೊನೆಯದಕ್ಕೆ ಇಪ್ಪತ್ತು ನಿಮಿಷ ಹೋದರೂ ಹೋಗಲಿ. ಕಡೆಗೆ ಬದುಕಿನ ಪ್ರಶ್ನೆ, ಒಂದೇ ಒಂದು: ನಾವು ಹೊತ್ತು ತರಬೇಕಾದವರು ಯಾರಾದರೂ ಇದ್ದಾರಾ? ಅಥವಾ, ಈಗ ಹೊತ್ತುಕೊಂಡು ಹೋಗಬೇಕಾಗಿರುವುದು ನಮ್ಮನ್ನೇನಾ?

ಪ್ರಶ್ನೆ ಕೇಳಿದ ಮೇಲೆ ಮೌನ ಬರುತ್ತದೆ. ಬರಲಿ. ಹತ್ತು ಸೆಕೆಂಡು ತಡೆದುಕೊಳ್ಳಿ, ಉತ್ತರ ನೀವೇ ಹೇಳಬೇಡಿ. ಒಬ್ಬರೇ ಮಾತಾಡುತ್ತಿದ್ದರೆ 'ಇನ್ನೂ ಮಾತಾಡದವರು ಏನಂತೀರಿ?' ಅನ್ನಿ. ತೀರಾ ಆದರೆ ಆಮೇಲೆ ಪಕ್ಕಕ್ಕೆ ಕರೆದು, ಉಳಿದವರನ್ನು ಮಾತಾಡಿಸಲು ಅವರ ಸಹಾಯವನ್ನೇ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಮುಂದಿನ ವಾರ ನೋಡಿ ಬರುತ್ತೇನೆ ಅನ್ನಿ. ಮತ್ತು ನೋಡಿ ಬನ್ನಿ.

ಹಂತ 8: ಹೊಸಬರು

ವರ್ಷದ ಮೊದಲ ಮೂರು ವಾರ ಬಿಟ್ಟರೆ ಆ ವರ್ಷ ಬಿಟ್ಟಂತೆ. ಹೊಸ ವಿದ್ಯಾರ್ಥಿಗಳು ಗೆಳೆಯರನ್ನು ಹುಡುಕುವುದು ಆಗಲೇ. ಅದಕ್ಕೆ ತಯಾರಿ ರಜೆಯಲ್ಲೇ ಮುಗಿದಿರಲಿ. ಮೇಜಿನ ಹಿಂದೆ ಕೂತು ಫೋನ್ ನೋಡುತ್ತಿರುವವರ ಹತ್ತಿರ ಯಾರೂ ಬರುವುದಿಲ್ಲ. ಎದ್ದು ನಿಂತು ಮಾತಾಡಿಸಿ. ಹಾಸ್ಟೆಲ್‌ಗೆ ಸಾಮಾನು ಹೊರಲು ಕೈ ಜೋಡಿಸಿ. ನಂಬರ್ ಕೊಟ್ಟವರಿಗೆ ಎರಡು ದಿನದೊಳಗೆ ಒಬ್ಬ ಮನುಷ್ಯ ಹೆಸರು ಹಿಡಿದು ಮೆಸೇಜ್ ಮಾಡಬೇಕು, ಮೊದಲ ಕೂಟಕ್ಕೆ ಜೊತೆಗೆ ನಡೆದು ಬರಬೇಕು. ಆ ನಂಬರುಗಳನ್ನು ಬೇರೆ ಯಾರಿಗೂ ಕೊಡಬೇಡಿ, ಚರ್ಚಿಗೂ ಕೊಡಬೇಡಿ.

ಬೇರೆ ನಂಬಿಕೆಯವರು, ನಂಬಿಕೆಯೇ ಇಲ್ಲದವರು ಬರುತ್ತಾರೆ. ಬರಬೇಕು ಕೂಡ. ಅವರನ್ನು ಕರೆಯುವಾಗ ನೇರವಾಗಿರಿ. ಬೈಬಲ್ ಸ್ಟಡಿಗೆ ಕರೆಯುವುದಾದರೆ ಬೈಬಲ್ ಸ್ಟಡಿ ಅಂತಲೇ ಹೇಳಿ. 'ಸುಮ್ನೆ ಪಿಜ್ಜಾ ಪಾರ್ಟಿ' ಅಂತ ಕರೆದು ಪ್ರಸಂಗ ಕೇಳಿಸುವುದು ಸುಳ್ಳು. ಪರೀಕ್ಷೆಯ ನೋಟ್ಸು, ಹಣ, ರೂಮು ಇವುಗಳ ಆಸೆ ತೋರಿಸಿ ಕರೆಯುವುದೂ ತಪ್ಪು. ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತೆಯಿಂದ, ಮರ್ಯಾದೆಯಿಂದ ಉತ್ತರಿಸಿ ಎಂಬುದು ಯೇಸುವಿನ ಶಿಷ್ಯ ಪೇತ್ರನ ಮಾತು. ಬೇಡ ಅಂದವರನ್ನು ಮತ್ತೆ ಮತ್ತೆ ಕರೆಯಬೇಡಿ. ಗೆಳೆತನ ಮಾತ್ರ ಮುಂದುವರಿಯಲಿ.

ಹಂತ 9: ಹಣ

ಚಿಕ್ಕ ಮೊತ್ತವೇ ಇರಬಹುದು. ಆದರೂ ನಾಯಕರ ಸ್ವಂತ ಖಾತೆಗೆ ಹಾಕಬೇಡಿ. ಎಣಿಸುವವರು ಇಬ್ಬರು, ಸಹಿ ಇಬ್ಬರದು, ಪ್ರತಿ ತಿಂಗಳು ಲೆಕ್ಕ ಎಲ್ಲರೆದುರು. ಯೆರೂಸಲೇಮಿಗೆ ಕಾಣಿಕೆ ಒಯ್ಯುವಾಗ ಯಾರೂ ಬೆರಳು ತೋರಿಸದಿರಲಿ ಅಂತ ಪೌಲನೇ ಜೊತೆಗೆ ಬೇರೆಯವರನ್ನು ಕರೆದುಕೊಂಡು ಹೋದ (2 ಕೊರಿಂಥ 8).

ಹಂತ 10: ಕಷ್ಟದ ಸಂದರ್ಭಗಳು

ಪ್ರಾರ್ಥನಾ ಗುಂಪಿನಲ್ಲಿ ಜನ ಮನಸ್ಸು ಬಿಚ್ಚುತ್ತಾರೆ. ಒಬ್ಬರಿಗೆ ಬದುಕೇ ಬೇಡ ಅನ್ನಿಸುತ್ತಿದೆ ಅಂತ ಗೊತ್ತಾದರೆ ಪ್ರಾರ್ಥಿಸಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಪ್ತಸಲಹೆ ಕೇಂದ್ರಕ್ಕೋ ಆಸ್ಪತ್ರೆಗೋ ಜೊತೆಗೆ ಹೋಗಿ. 'ಯಾರಿಗೂ ಹೇಳಬೇಡ' ಅಂದರೂ, ಜೀವದ ಪ್ರಶ್ನೆ ಬಂದಾಗ ಆ ಮಾತು ಕೊಡಬಾರದು. ಔಷಧಿ ತೆಗೆದುಕೊಳ್ಳುವುದು ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ಅಲ್ಲೇ ತಿದ್ದಿ.

ಉಳಿದ ವಿಷಯಗಳು ಗುಂಪಿನೊಳಗೇ ಇರಲಿ. ಪ್ರಾರ್ಥನೆಯ ಕೋರಿಕೆ ಎಂಬ ಹೆಸರಲ್ಲಿ ಗಾಸಿಪ್ ಹರಡುವುದು ಫೆಲೋಶಿಪ್‌ಗಳ ಹಳೇ ಕಾಯಿಲೆ. ಜಗಳವಾದರೆ ಮತ್ತಾಯ 18ರಲ್ಲಿರುವ ಹಾಗೆ ಮೊದಲು ಇಬ್ಬರೇ ಮಾತಾಡಲಿ, ವಾಟ್ಸಾಪ್‌ನಲ್ಲಿ ಅಲ್ಲ.

ನಾಯಕರ ಮೇಲೂ ಕಣ್ಣಿರಲಿ. ಯಾರನ್ನು ಪ್ರೀತಿಸಬೇಕು, ಯಾವ ಕೋರ್ಸ್ ತೆಗೆದುಕೊಳ್ಳಬೇಕು, ಮನೆಗೆ ಯಾವಾಗ ಹೋಗಬೇಕು ಅಂತ 'ದೇವರು ನನಗೆ ಹೇಳಿದ್ದಾನೆ' ಅನ್ನುವವರು, ಹೊರಗಿನ ಗೆಳೆಯರನ್ನು ಬಿಡಿಸುವವರು, ಪ್ರಶ್ನೆ ಕೇಳಿದರೆ ದಂಗೆ ಅನ್ನುವವರು ಅಪಾಯಕಾರಿ. ಬರುವ ಭಾಷಣಕಾರರ ಬಗ್ಗೆ ಅವರ ಚರ್ಚಿನಲ್ಲಿ ವಿಚಾರಿಸಿಯೇ ಕರೆಯಿರಿ. ಕಿರುಕುಳದ ದೂರು ಬಂದರೆ ಒಳಗೇ ಮುಚ್ಚಿಹಾಕಬೇಡಿ. ದೂರು ಕೊಟ್ಟವರನ್ನು ವಿಶ್ವವಿದ್ಯಾಲಯದ ದೂರು ಸಮಿತಿಯವರೆಗೆ ಜೊತೆಯಾಗಿ ಕರೆದೊಯ್ಯಿರಿ. ಕ್ಷಮೆ ಬೇರೆ, ವಿಚಾರಣೆ ಬೇರೆ.

ಹಂತ 11: ಮುಂದಿನವರ ಕೈಗೆ

ಇದನ್ನು ಕೊನೆಯ ತಿಂಗಳಿಗೆ ಇಟ್ಟುಕೊಂಡರೆ ಆಗುವುದಿಲ್ಲ. ವರ್ಷದ ನಡುವೆಯೇ ಹೊಸ ತಂಡವನ್ನು ಆರಿಸಿ. ಕೊನೆಯ ಎರಡು ತಿಂಗಳು ಹೊಸಬರು ನಡೆಸಲಿ, ಹಳಬರು ಪಕ್ಕದಲ್ಲಿರಲಿ. ಎಡವಿದರೆ ಕೇಳಲು ನೀವಿನ್ನೂ ಅಲ್ಲೇ ಇರುತ್ತೀರಿ, ಅಲ್ವಾ? 2 ತಿಮೊಥೆಯ 2:2ರಲ್ಲಿ ನಾಲ್ಕು ತಲೆಮಾರು ಒಂದೇ ವಾಕ್ಯದಲ್ಲಿವೆ: ಪೌಲ, ತಿಮೊಥೆಯ, ನಂಬಿಗಸ್ತರು, ಅವರು ಕಲಿಸುವ ಇತರರು. ಕ್ಯಾಂಪಸ್‌ನಲ್ಲಿ ಒಂದು ತಲೆಮಾರು ಎಂದರೆ ಹೆಚ್ಚೆಂದರೆ ನಾಲ್ಕು ವರ್ಷ.

ಕೈಗೆ ಕೊಡಬೇಕಾದ ವಸ್ತುಗಳೂ ಇವೆ. ಫೆಲೋಶಿಪ್ ಹೆಸರಿನ ಇಮೇಲ್ ಮತ್ತು ಪಾಸ್‌ವರ್ಡ್, ಬ್ಯಾಂಕಿನ ಸಹಿ ಬದಲಾವಣೆ, ನೋಂದಣಿ ನವೀಕರಿಸುವ ಕೊನೆಯ ದಿನ, ರೂಮ್ ಕೊಡುವ ಸಿಬ್ಬಂದಿಯ ಪರಿಚಯ, ಮಾಡಿದ ಸ್ಟಡಿಗಳ ಪ್ರಶ್ನೆಗಳು, ಯಾವ ಕಾರ್ಯಕ್ರಮಕ್ಕೆ ಎಷ್ಟು ಜನ ಬಂದರು ಎಂಬ ಟಿಪ್ಪಣಿ. ಯಾವುದು ಕೈಕೊಟ್ಟಿತು ಎಂಬುದನ್ನೂ ಬರೆಯಿರಿ. ಮುಂದಿನವರಿಗೆ ಹೆಚ್ಚು ಉಪಯೋಗ ಅದರಿಂದಲೇ.

ಓದು ಮುಗಿಸಿ ಹೋಗುವವರಿಗೂ ಒಂದು ಕೆಲಸ ಮಾಡಿ. ಅವರು ಹೋಗುವ ಊರಿನಲ್ಲಿ ಒಂದು ಚರ್ಚು, ಅಲ್ಲಿ ಅವರನ್ನು ಎದುರುಗೊಳ್ಳುವ ಒಬ್ಬರನ್ನು ಮೊದಲೇ ಹುಡುಕಿಕೊಡಿ. ಹಳೆಯ ವಿದ್ಯಾರ್ಥಿಗಳಿಗೆ ಬೇರೆ ವಾಟ್ಸಾಪ್ ಗುಂಪು ಮಾಡಿ. ಅವರು ಪ್ರಾರ್ಥಿಸಲಿ, ಹಣ ಕೊಡಲಿ, ಕರೆದಾಗ ಬಂದು ಮಾತಾಡಲಿ. ಸಮಿತಿಯ ಗುಂಪಿನಿಂದ ಮಾತ್ರ ಅಧಿಕಾರ ವಹಿಸಿಕೊಟ್ಟ ದಿನವೇ ಹೊರಬರಲಿ. 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎಂಬ ಮೆಸೇಜ್ ಹೊಸ ಸಂಯೋಜಕರ ಮೊದಲ ವಾರದಲ್ಲೇ ಬಂದುಬಿಡಬಾರದು ನೋಡಿ.